ವಾಪಸ್ ಬರೋ ದಾರಿಯ ಲೆಕ್ಕ: ಶೆಕ್ ಎಕ್ಸ್ಲಿ

ಮ್ಯಾಥ್ಸ್ ಮೇಷ್ಟ್ರು ಅಂದ್ರೆ ನಮಗೆ ನೆನಪಾಗೋದು ಬೋರ್ಡು, ಸೀಮೆಸುಣ್ಣ, ಇಂಟರ್ನಲ್ಸ್. ಅಮೆರಿಕದ ಫ್ಲಾರಿಡಾದಲ್ಲಿ ಒಬ್ಬ ಹೈಸ್ಕೂಲ್ ಮ್ಯಾಥ್ಸ್ ಮೇಷ್ಟ್ರಿದ್ದ. ರಜೆ ಸಿಕ್ಕರೆ ಸಾಕು, ನೀರು ತುಂಬಿದ ಗುಹೆಗಳೊಳಗೆ ಈಜಿಕೊಂಡು ಹೋಗುತ್ತಿದ್ದ. ಹೆಸರು ಶೆಕ್ ಎಕ್ಸ್ಲಿ. ಹುಟ್ಟಿದ್ದು 1949ರ ಏಪ್ರಿಲ್ 1ರಂದು, ಜಾಕ್ಸನ್‌ವಿಲ್‌ನಲ್ಲಿ. ಹದಿಹರೆಯದಲ್ಲೇ ಗುಹೆಗಿಳಿದ ಈತ 23 ತುಂಬುವಷ್ಟರಲ್ಲಿ ಸಾವಿರ ಗುಹಾ ಡೈವ್ ಮುಗಿಸಿದ್ದ. ಜಗತ್ತಿನಲ್ಲಿ ಅಷ್ಟು ಮಾಡಿದ ಮೊದಲಿಗ ಆತನೇ.

ಆದರೆ ಆತ ದೊಡ್ಡವನಾಗಿದ್ದು ಬರೀ ದಾಖಲೆಯಿಂದಲ್ಲ. ಆಗ ಫ್ಲಾರಿಡಾದ ಗುಹೆಗಳಲ್ಲಿ ಡೈವರ್‌ಗಳು ಒಬ್ಬರ ಮೇಲೊಬ್ಬರು ಸಾಯುತ್ತಿದ್ದರು. ಅವರಲ್ಲಿ ಸಮುದ್ರದಲ್ಲಿ ಪಳಗಿದವರಿದ್ದರು, ಬೇರೆಯವರಿಗೆ ಕಲಿಸುವವರೂ ಇದ್ದರು. ಜನ ಅದನ್ನ ಹಣೆಬರಹ ಅಂತ ಬಿಟ್ಟರೆ, ಎಕ್ಸ್ಲಿ ಒಂದೊಂದೇ ಅಪಘಾತ ಬಿಚ್ಚಿ ನೋಡಿದ. ಮತ್ತೆ ಮತ್ತೆ ಕಂಡಿದ್ದು ಮೂರೇ ಕಾರಣ: ಹೊರಗಿನವರೆಗೆ ತುಂಡಾಗದ ಹಗ್ಗ ಇರಲಿಲ್ಲ, ವಾಪಸಾತಿಗೆ ಗಾಳಿ ಉಳಿಸಿರಲಿಲ್ಲ, ಮಿತಿ ಮೀರಿ ಆಳಕ್ಕೆ ಹೋಗಿದ್ದರು. 1970ರ ದಶಕದಲ್ಲಿ ಇದನ್ನೇ 'ಬೇಸಿಕ್ ಕೇವ್ ಡೈವಿಂಗ್: ಎ ಬ್ಲೂಪ್ರಿಂಟ್ ಫಾರ್ ಸರ್ವೈವಲ್' ಅನ್ನೋ ಪುಟ್ಟ ಪುಸ್ತಕ ಮಾಡಿದ. ನಡೆದ ಅಪಘಾತ ಹೇಳೋದು, ಅದರಿಂದ ಒಂದು ನಿಯಮ ತೆಗೆಯೋದು, ಇದೇ ಅದರ ಕ್ರಮ.

ಗಾಳಿಯ ನಿಯಮ ನೋಡಿ. ಸಿಲಿಂಡರ್‌ನಲ್ಲಿ 180 ಬಾರ್ ಇದ್ದರೆ ಹೋಗೋಕೆ 60, ಬರೋಕೆ 60. ಉಳಿದ 60 ಯಾರಿಗೆ? ನಿಮ್ಮ ಜೊತೆಗಾರನಿಗೆ. ಅತಿ ದೂರದ ತುದಿಯಲ್ಲಿ ಅವನ ಗಾಳಿ ಪೂರ್ತಿ ಕೈಕೊಟ್ಟರೆ, ನಿಮ್ಮ 120ರಲ್ಲಿ ಇಬ್ಬರೂ ಹೊರಬರಬೇಕು. ತಂಡದಲ್ಲಿ ಯಾರ ಗಾಳಿ ಮೊದಲು ಮೂರನೇ ಒಂದು ಭಾಗ ಮುಗಿಯುತ್ತೋ, ಆಗಲೇ ಎಲ್ಲರೂ ತಿರುಗಬೇಕು. ಈ ನಿಯಮ ಎಕ್ಸ್ಲಿ ಒಬ್ಬನದೇ ಸೃಷ್ಟಿಯಲ್ಲ. ಆದರೆ ಮುರಿದರೆ ಏನಾಗುತ್ತೆ ಅಂತ ಅಪಘಾತಗಳನ್ನೇ ಮುಂದಿಟ್ಟು ತೋರಿಸಿದವನು ಆತ. ಗಾಳಿ ಹಂಚಿಕೊಳ್ಳಲು ಎರಡನೇ ರೆಗ್ಯುಲೇಟರ್ ಒಯ್ಯುವ ರೂಢಿ ನೆಲೆಯೂರಿದ್ದರಲ್ಲೂ ಆತನ ಪಾಲಿದೆ.

ಹೆಪ್ಪುಗಟ್ಟಿದ ಕೆರೆಯ ಕೆಳಗೆ ಇಳಿಯುವವರಿಗೂ ಇದೇ ತರ್ಕ. ತಲೆ ಮೇಲೆ ಬಂಡೆ ಇದ್ದರೇನು, ಮಂಜುಗಡ್ಡೆ ಇದ್ದರೇನು, ನೇರ ಮೇಲೆ ಬರೋಕಾಗಲ್ಲ. ಜೊತೆಗೆ ಥರ್ಮೋಡೈನಾಮಿಕ್ಸ್ ಕಾಟ ಬೇರೆ: ರೆಗ್ಯುಲೇಟರ್‌ನಲ್ಲಿ ಹಿಗ್ಗುವ ಗಾಳಿ ತಣ್ಣಗಾಗಿ, ಕವಾಟ ಹಿಮಗಟ್ಟಿ, ತೆರೆದೇ ಸಿಕ್ಕಿಕೊಂಡರೆ ಸಿಲಿಂಡರ್ ನಿಮಿಷಗಳಲ್ಲಿ ಖಾಲಿ. ಅದಕ್ಕೇ ಡೈವರ್ ಮೈಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನ ಮೇಲೊಬ್ಬ ಹಿಡಿದೇ ಇರ್ತಾನೆ. ಎಷ್ಟು ಎಳೆದರೆ ಏನರ್ಥ ಅಂತ ಮೊದಲೇ ಮಾತಾಗಿರುತ್ತೆ. ಉತ್ತರ ಬರದಿದ್ದರೆ, ಪೂರ್ತಿ ಸಜ್ಜಾಗಿ ಕಾದು ಕೂತ ಇನ್ನೊಬ್ಬ ಡೈವರ್ ಇನ್ನೂ ಉದ್ದದ ಹಗ್ಗದೊಂದಿಗೆ ಇಳಿದು ವೃತ್ತಾಕಾರವಾಗಿ ಈಜುತ್ತಾನೆ. ಹಗ್ಗ ತಪ್ಪಿದವನ ಕೆಲಸ ಗಾಬರಿಯಲ್ಲಿ ತೂತು ಹುಡುಕೋದಲ್ಲ. ಮಂಜುಗಡ್ಡೆಗೆ ತಾಗಿ ನಿಂತು, ಆ ಹಗ್ಗ ತನ್ನತ್ತ ಬರುವವರೆಗೆ ಕಾಯೋದು.

ಇಷ್ಟೆಲ್ಲ ಕಲಿಸಿದ ಎಕ್ಸ್ಲಿಗೆ ಆಳದ ಸೆಳೆತವೂ ಇತ್ತು. 1989ರಲ್ಲಿ ಮೆಕ್ಸಿಕೋದ ಮಾಂಟೆಯಲ್ಲಿ 881 ಅಡಿ ಇಳಿದ. 1994ರ ಏಪ್ರಿಲ್ 6ರಂದು ಅದೇ ದೇಶದ ಸಕಟೋನ್ ಎಂಬ ನೀರಗುಂಡಿಯಲ್ಲಿ ಸಾವಿರ ಅಡಿ ದಾಟುವ ಯತ್ನ. ಆತ ಮತ್ತು ಜಿಮ್ ಬೌಡನ್ ಬೇರೆ ಬೇರೆ ಹಗ್ಗ ಹಿಡಿದು ಒಟ್ಟಿಗೇ ಇಳಿದರು. ಗಾಳಿ ಕಡಿಮೆಯಾದ್ದರಿಂದ ಬೌಡನ್ 925 ಅಡಿಯಲ್ಲಿ ತಿರುಗಿದ, ಬದುಕಿದ. ಎಕ್ಸ್ಲಿ ಬರಲಿಲ್ಲ. ಕೆಲವು ದಿನಗಳ ನಂತರ ಹಗ್ಗ ಎಳೆದಾಗ ದೇಹ ಅದರ ಜೊತೆಗೇ ಬಂತು. ವಯಸ್ಸು 45. ನಿಖರ ಕಾರಣ ಇವತ್ತಿಗೂ ಇತ್ಯರ್ಥವಾಗಿಲ್ಲ.

ಆದರೂ ಒಂದು ಮಾತು ಹೇಳಬಹುದು. ಜೊತೆಗಾರನಿಗೆ ಅಂತ ಇಡುವ ಆ ಮೂರನೇ ಪಾಲು ಕೆಲಸಕ್ಕೆ ಬರೋದು, ಜೊತೆಗಾರ ಕೈಗೆಟುಕುವಷ್ಟು ಹತ್ತಿರ ಇದ್ದಾಗ. ಆ ಆಳದಲ್ಲಿ ಎಕ್ಸ್ಲಿಯ ಪಕ್ಕ ಯಾರೂ ಇರಲಿಲ್ಲ. ಆತನ ಲೆಕ್ಕ ಪಾಲಿಸಿ ತಿರುಗಿ ಬರುತ್ತಿರುವವರು ಮಾತ್ರ ಇವತ್ತಿಗೂ ಇಬ್ಬಿಬ್ಬರಾಗಿ, ಮೂವರಾಗಿ ಹೊರಗೆ ಬರ್ತಾನೇ ಇದ್ದಾರೆ.