ಬೋರಿಸ್ ಕಾರ್ಲೋಫ್: ಮುಖವಾಡದ ಹಿಂದೆ ಉಳಿದ ಭಾರತದ ನಂಟು

ಹಾಲಿವುಡ್ ಭಯಾನಕ ಚಿತ್ರಗಳ ಚರಿತ್ರೆಯಲ್ಲಿ ಬೋರಿಸ್ ಕಾರ್ಲೋಫ್ ಅವರದು ಅಚ್ಚಳಿಯದ ಹೆಸರು. ಚಪ್ಪಟೆ ನೆತ್ತಿ, ಜೋಲುವ ರೆಪ್ಪೆ, ಭಾರವಾದ ಹೆಜ್ಜೆಯ ಫ್ರಾಂಕೆನ್‌ಸ್ಟೈನ್ ಸೃಷ್ಟಿಯ ವಿಕೃತ ಜೀವಿಗೆ ತೆರೆಯ ಮೇಲೆ ಪ್ರಾಣ ತುಂಬಿದವರು ಅವರೇ. ಆ ನಟನ ವಂಶದಲ್ಲಿ ಭಾರತದ ರಕ್ತವೂ ಹರಿದಿತ್ತು ಎಂಬುದು ಮಾತ್ರ ಬಹುತೇಕ ಪ್ರೇಕ್ಷಕರಿಗೆ ಅಪರಿಚಿತ ಸಂಗತಿ.

ಅವರ ನಿಜನಾಮ ವಿಲಿಯಂ ಹೆನ್ರಿ ಪ್ರಾಟ್. 1887ರ ನವೆಂಬರ್ 23ರಂದು ಲಂಡನ್ನಿನಲ್ಲಿ ಜನನ. ತಂದೆ ಬ್ರಿಟಿಷ್ ಭಾರತದ ಉಪ್ಪಿನ ಸುಂಕ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ತಾಯಿಯ ಕಡೆಯಿಂದಲೂ ಆಂಗ್ಲೋ-ಇಂಡಿಯನ್ ನಂಟಿತ್ತು. ಸಯಾಮಿನ ಅರಮನೆಯಲ್ಲಿ ಶಿಕ್ಷಕಿಯಾಗಿ ಜಗತ್ಪ್ರಸಿದ್ಧರಾದ ಆನಾ ಲಿಯೊನೊವೆನ್ಸ್ ಅವರ ಅಜ್ಜಿಯ ಸೋದರಿ. ಬಾಂಬೆ ಪ್ರಾಂತ್ಯದ ಅಹ್ಮದ್‌ನಗರದಲ್ಲಿ ಹುಟ್ಟಿದ್ದರೂ ಆನಾ ತಾವು ವೇಲ್ಸ್‌ನವರೆಂದೇ ಹೇಳಿಕೊಂಡು ಬಾಳಿದರು. ಮೂಲವನ್ನು ಮರೆಮಾಚುವುದು ಆ ಕುಟುಂಬಕ್ಕೆ ಹೊಸತಾಗಿರಲಿಲ್ಲ.

ಅಣ್ಣಂದಿರಂತೆ ವಿಲಿಯಂ ಕೂಡ ಸರ್ಕಾರಿ ಸೇವೆಗೆ ಸೇರಲೆಂಬುದು ಮನೆಯವರ ಅಪೇಕ್ಷೆ. ಅದನ್ನು ಬದಿಗೊತ್ತಿ 1909ರಲ್ಲಿ ಅವರು ಕೆನಡಾಕ್ಕೆ ಹಡಗು ಹತ್ತಿದರು. ಕೂಲಿ ಮಾಡಿದರು, ಊರೂರು ಸುತ್ತುವ ನಾಟಕ ಕಂಪನಿ ಸೇರಿದರು, ಹೆಸರು ಬದಲಿಸಿದರು. ಕಾರ್ಲೋಫ್ ಎಂಬುದು ತಾಯಿಯ ವಂಶದ ಹೆಸರೆಂದು ಅವರು ಹೇಳುತ್ತಿದ್ದರಾದರೂ ಅದಕ್ಕೆ ಪುರಾವೆ ದೊರೆತಿಲ್ಲ.

ಹಾಲಿವುಡ್ ಅವರ ಕಂದು ಮೈಬಣ್ಣವನ್ನು ತನಗೆ ಬೇಕಾದಂತೆ ಬಳಸಿಕೊಂಡಿತು. ಮೂಕಿ ಚಿತ್ರಗಳಲ್ಲಿ ಭಾರತೀಯ, ಅರಬ್, ಅಮೆರಿಕದ ಮೂಲನಿವಾಸಿ ಪಾತ್ರಗಳು ಸಾಲುಸಾಲಾಗಿ ಬಂದವು, ಹೆಚ್ಚಿನವು ಖಳಪಾತ್ರಗಳು. ಭಾರತೀಯರು ಅಮೆರಿಕದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತ ಕಾಲವದು. ಅಂಥ ವಾತಾವರಣದಲ್ಲಿ ಭಾರತದ ಬೇರು ಹೇಳಿಕೊಳ್ಳುವುದು ನಟನೊಬ್ಬನಿಗೆ ಲಾಭದ ಮಾತಾಗಿರಲಿಲ್ಲ.

1931ರಲ್ಲಿ ಜೇಮ್ಸ್ ವೇಲ್ ನಿರ್ದೇಶನದ 'ಫ್ರಾಂಕೆನ್‌ಸ್ಟೈನ್' ತೆರೆಕಂಡಾಗ ಕಾರ್ಲೋಫ್ ಅವರಿಗೆ ಸುಮಾರು 44 ವರ್ಷ. ಆರಂಭದ ಹೆಸರುಪಟ್ಟಿಯಲ್ಲಿ ಅವರ ಪಾತ್ರದೆದುರು ಇದ್ದದ್ದು ಪ್ರಶ್ನಾರ್ಥಕ ಚಿಹ್ನೆ ಮಾತ್ರ! ಪ್ರಸಾಧನಕಾರ ಜ್ಯಾಕ್ ಪಿಯರ್ಸ್ ಗಂಟೆಗಟ್ಟಲೆ ಕುಳಿತು ರೂಪಿಸಿದ ಆ ಮುಖದ ಹಿಂದೆ, ಕಂಡವರೆಲ್ಲ ಅಟ್ಟಿ ಹೊಡೆಯುವ ಅನಾಥ ಜೀವಿಯೊಂದರ ಸಂಕಟವನ್ನು ಅವರು ಮಾತಿಲ್ಲದೆ ತೋರಿದರು. ಹೆದರಲು ಬಂದ ಪ್ರೇಕ್ಷಕರು ಮರುಗಿ ಹೊರಟರು.

ಮರುವರ್ಷ 'ದಿ ಮಮ್ಮಿ'ಯಲ್ಲಿ ಈಜಿಪ್ಟಿನ ಪುರೋಹಿತರಾದರು. ಅದೇ 1932ರಲ್ಲಿ 'ದಿ ಮಾಸ್ಕ್ ಆಫ್ ಫೂ ಮಾಂಚು' ಚಿತ್ರದಲ್ಲಿ ಬಿಳಿಯರ ನಾಶ ಬಯಸುವ ಚೀನೀ ಖಳನ ವೇಷ ಹಾಕಿದರು. ಚಿತ್ರವು ಚೀನೀಯರನ್ನು ಬಿಂಬಿಸಿದ ಬಗೆಗೆ ಚೀನಾದ ರಾಜತಾಂತ್ರಿಕರು ಆಕ್ಷೇಪಿಸಿದರು. 1938ರಿಂದ 1940ರವರೆಗೆ ಐದು ಚಿತ್ರಗಳಲ್ಲಿ ಅವರು ಚೀನೀ ಪತ್ತೇದಾರ ಮಿಸ್ಟರ್ ವಾಂಗ್ ಆದರು. ಆರನೆಯ ಚಿತ್ರದಲ್ಲಿ ಆ ಪಾತ್ರ ಚೀನೀ ಮೂಲದ ನಟ ಕೀ ಲೂಕ್ ಅವರಿಗೆ ದಕ್ಕಿತು. ತನ್ನ ಜನಾಂಗ ಮರೆಸಿದವರೇ ಮತ್ತೊಂದು ಜನಾಂಗದ ವೇಷ ತೊಟ್ಟದ್ದು ಆ ಕಾಲದ ವಿಪರ್ಯಾಸ.

ತೆರೆಯಾಚೆಗೆ ಕಾರ್ಲೋಫ್ ಮೃದುಭಾಷಿ. ದುಡಿಮೆಯ ಅವಧಿಗೆ ಮಿತಿಯಿಲ್ಲದ ಆ ದಿನಗಳಲ್ಲಿ, 1933ರಲ್ಲಿ ಸ್ಥಾಪನೆಯಾದ ನಟರ ಸಂಘಟನೆ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್‌ನ ಮೊದಲಿಗರಲ್ಲಿ ಅವರೂ ಒಬ್ಬರು. 1966ರಲ್ಲಿ ಗ್ರಿಂಚ್ ಕಥೆಯ ಕಾರ್ಟೂನಿಗೆ ದನಿಯಾಗಿ ಮಕ್ಕಳ ಮನ ಗೆದ್ದರು. ದಶಕಗಳ ಕಾಲ ಅಮೆರಿಕದಲ್ಲಿ ದುಡಿದರೂ ಕೊನೆಯವರೆಗೆ ಬ್ರಿಟಿಷ್ ಪ್ರಜೆಯಾಗಿಯೇ ಉಳಿದ ಅವರು 1969ರ ಫೆಬ್ರವರಿ 2ರಂದು ಇಂಗ್ಲೆಂಡಿನಲ್ಲಿ ನಿಧನರಾದರು.

ಹಳೆಯ ಭಯಾನಕ ಚಿತ್ರಗಳಲ್ಲಿ ಯಾರಿಗೆ ಯಾವ ಪಾತ್ರ ಸಿಕ್ಕಿತೆಂಬ ಚರ್ಚೆ ಇಂದು ಬಿರುಸಾಗಿದೆ. ಹೊರಗಿನವನೆಂದರೆ ರಾಕ್ಷಸನೇ ಎಂದು ನಂಬಿಸಿದ ಚಿತ್ರೋದ್ಯಮದಲ್ಲಿ, ಹೊರಗಿನವನ ನೋವನ್ನು ಎಲ್ಲರಿಗಿಂತ ಮನಮುಟ್ಟುವಂತೆ ಅಭಿನಯಿಸಿದವರು ತಮ್ಮ ಮೂಲವನ್ನು ಸದ್ದಿಲ್ಲದೆ ಹೊತ್ತು ನಡೆದ ಈ ನಟ ಎಂಬುದನ್ನು ಆ ಚರ್ಚೆ ಮರೆಯಬಾರದು.