ಕೈಲಾಸಂ ನಾಟಕ, ಕೈಲಾಸಂ ಬದುಕು



ಈ ಸಲದ ರಾಜ್ಯೋತ್ಸವಕ್ಕೆ ತಾಳವಾಡಿಯಲ್ಲಿ ಮಕ್ಕಳಿಂದ ಟಿ.ಪಿ. ಕೈಲಾಸಂ ಅವರ ಟೊಳ್ಳುಗಟ್ಟಿ ನಾಟಕ ಆಡಿಸುವುದೆಂದು ತೀರ್ಮಾನವಾದಾಗ ನಮ್ಮ ಹಿರಿಯ ಸದಸ್ಯರೊಬ್ಬರು ಎದ್ದು ನಿಂತರು. ಆ ಮನುಷ್ಯ ಮಹಾ ಕುಡುಕ, ಸಂಸಾರ ನೋಡದವನು, ಅಂಥವನ ಫೋಟೋಗೆ ಹಾರ ಹಾಕಿ ಮಕ್ಕಳ ಕೈಲಿ ಅವನ ನಾಟಕ ಆಡಿಸಬೇಕೇ ಎಂಬುದು ಅವರ ಪ್ರಶ್ನೆ. ಕುಡಿತದಿಂದ ಅವರ ಮನೆಯಲ್ಲಿ ಏನೇನಾಯಿತು ಎಂಬುದು ನಮಗೆಲ್ಲ ಗೊತ್ತಿರುವುದರಿಂದ ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ಉತ್ತರ ಹುಡುಕಿಕೊಂಡು ಕೈಲಾಸಂ ಅವರ ಬದುಕನ್ನು ಮತ್ತೆ ಓದಿದೆವು.

ನಮ್ಮ ಕಡೆ ಈ ಪ್ರಶ್ನೆ ಏಳುವುದು ಸಹಜ. ಡಾ. ರಾಜಕುಮಾರ್ ಹುಟ್ಟಿದ ಗಾಜನೂರು ನಮ್ಮ ಪಕ್ಕದಲ್ಲೇ ಇದೆ. ತೆರೆಯ ಮೇಲೂ ಕುಡಿಯುವ, ಸೇದುವ ಪಾತ್ರ ಬೇಡವೆಂದ ಕಲಾವಿದರನ್ನು ನೋಡಿ ಬೆಳೆದವರು ನಾವು. ಕಲಾವಿದ ಎಂದರೆ ಹಾಗೇ ಇರಬೇಕು ಎಂದುಕೊಂಡುಬಿಟ್ಟಿದ್ದೇವೆ.

ಕೈಲಾಸಂ ಹಾಗಿರಲಿಲ್ಲ. 1884ರಲ್ಲಿ ತಮಿಳು ಮನೆಮಾತಿನ ಕುಟುಂಬದಲ್ಲಿ ಹುಟ್ಟಿದರು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರು. ಮಗ ಓದಿನಲ್ಲಿ ಬಲು ಚುರುಕು. ಮದರಾಸಿನಲ್ಲಿ ಓದಿ, ಲಂಡನ್ನಿಗೆ ಹೋಗಿ ಭೂವಿಜ್ಞಾನ ಕಲಿತು, 1915ರಲ್ಲಿ ಮರಳಿ ಮೈಸೂರು ಸರ್ಕಾರದ ಭೂಗರ್ಭ ಇಲಾಖೆ ಸೇರಿದರು. ಕೆಲವೇ ವರ್ಷಗಳಲ್ಲಿ ಆ ಕೆಲಸ ಬಿಟ್ಟರು. (ಪಿಂಚಣಿಗಾಗಿಯೇ ಮೂರು ದಶಕ ಕಡತ ಹೊತ್ತ ನಮಗೆ ಇದನ್ನು ಓದುವಾಗ ಹೊಟ್ಟೆ ಕಲಸಿದಂತಾಯಿತು.) ಆಮೇಲೆ ನಾಟಕ, ಗೆಳೆಯರು, ಸಿಗರೇಟು, ಮದ್ಯ. ತಂದೆಯ ದೊಡ್ಡ ಬಂಗಲೆಯಿದ್ದೂ ನೂಕ್ ಎಂದು ತಾವೇ ಹೆಸರಿಟ್ಟ ಕೊಳಕು ಕೋಣೆಯೊಂದರಲ್ಲಿ ಇದ್ದರು. ಹೆಂಡತಿ ಮಕ್ಕಳಿಂದ ದೂರವೇ ಉಳಿದರು.

ಇದೇ ಮನುಷ್ಯ 1918ರ ಸುಮಾರಿಗೆ ಟೊಳ್ಳುಗಟ್ಟಿ ಕೊಟ್ಟರು. ಅದರಲ್ಲಿ ಒಬ್ಬ ಮಗ ಪುಸ್ತಕದ ಹುಳು, ಅಪ್ಪನ ಕಣ್ಮಣಿ. ಇನ್ನೊಬ್ಬ ಪರೀಕ್ಷೆಯಲ್ಲಿ ಹಿಂದೆ, ಆದರೆ ಮನೆಗೆ ಬೆಂಕಿ ಬಿದ್ದಾಗ ನಿಜವಾಗಿ ಒದಗುವವನು ಅವನೇ. ಮನೆಯವರಿಗೆ ಆಸರೆಯಾದವನೇ ಗಟ್ಟಿ ಎಂದು ಬರೆದವರು ತಮ್ಮ ಮನೆಗೆ ಆಸರೆಯಾಗಲಿಲ್ಲ. ನಮ್ಮ ಸದಸ್ಯರ ಸಿಟ್ಟಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಆದರೆ ರಿಹರ್ಸಲ್ ನೋಡುತ್ತ ಕೂತಾಗ ನಮಗೆ ಇನ್ನೊಂದು ಹೊಳೆಯಿತು. ಪದವಿಗಳನ್ನೆಲ್ಲ ಗಳಿಸಿದ ಆ ಮೊದಲ ಮಗನ ಜಾಗದಲ್ಲಿ ಇದ್ದವರೂ ಕೈಲಾಸಂ ಅವರೇ. ಟೊಳ್ಳು ಎಲ್ಲಿರುತ್ತದೆಂದು ಅವರಿಗೆ ಬೇರೆಯವರನ್ನು ಕೇಳಿ ತಿಳಿಯಬೇಕಿರಲಿಲ್ಲ.

ಪೌರಾಣಿಕ ನಾಟಕಗಳ ಕಿರೀಟ, ಗ್ರಾಂಥಿಕ ಮಾತು ಬಿಟ್ಟು ನಡುಮನೆಯ ಇಂಗ್ಲಿಷ್ ಬೆರಕೆ ಕನ್ನಡವನ್ನು ರಂಗಕ್ಕೆ ತಂದವರು ಅವರು. ಹೋಂರೂಲು, ಬಂಡ್ವಾಳವಿಲ್ಲದ ಬಡಾಯಿ, ಪೋಲಿ ಕಿಟ್ಟಿ ಬಂದವು. ಸೂಳೆ ಎಂಬ ನಾಟಕದಲ್ಲಿ, ಮರ್ಯಾದಸ್ಥರು ಹೆಸರೆತ್ತಲೂ ಹಿಂಜರಿಯುವ ಹೆಂಗಸರ ಕಷ್ಟವನ್ನು ಮರುಕದಿಂದ ಕಂಡರು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗ ಕೊಳ್ಳೇಗಾಲದಂತೆ ನಮ್ಮ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಯದೇ. 1956ರಲ್ಲಿ ಅದು ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಮನೆಯಲ್ಲಿ ತಮಿಳಿದ್ದವರು ಕನ್ನಡಕ್ಕೆ ಇಷ್ಟು ಕೊಟ್ಟರೆಂಬುದು ಗಡಿಯ ಜನರಾದ ನಮಗೆ ವಿಶೇಷ ಸಮಾಧಾನ.

ಆದರೂ ನಡತೆಗೂ ಕಲೆಗೂ ಸಂಬಂಧವೇ ಇಲ್ಲ ಎನ್ನಲು ನಮಗೆ ಮನಸ್ಸು ಬರುತ್ತಿಲ್ಲ. ಕೈಲಾಸಂ ನಾಟಕಗಳನ್ನು ಕೂತು ಬರೆಯುತ್ತಿದ್ದವರಲ್ಲ, ಬಾಯಲ್ಲಿ ಹೇಳುತ್ತಿದ್ದರು. ಗೆಳೆಯರು ಬರೆದುಕೊಂಡಷ್ಟು ನಮಗೆ ಸಿಕ್ಕಿತು, ಉಳಿದದ್ದು ಗಾಳಿಗೆ ಹೋಯಿತು. ಆ ಶಿಸ್ತಿಲ್ಲದ ಬದುಕು ಕನ್ನಡದಿಂದಲೂ ಕಿತ್ತುಕೊಂಡಿದೆ. ಮನೆಯವರು ಅನುಭವಿಸಿದ್ದಂತೂ ನಾವು ಎಷ್ಟು ನಕ್ಕರೂ ತೀರುವ ಸಾಲವಲ್ಲ. ಒಂದು ಖಾತೆಯ ಜಮೆ ತೋರಿಸಿ ಇನ್ನೊಂದರ ಬಾಕಿ ಅಳಿಸಲು ಯಾವ ಮೇಲಧಿಕಾರಿಯೂ ನಮಗೆ ಎಂದೂ ಬಿಟ್ಟವರಲ್ಲ. ಹಾಗೆಂದು ಬಾಕಿಯಿದೆ ಎಂದು ಜಮೆಯ ಪುಟವನ್ನೇ ಹರಿದುಹಾಕುವಂತೆಯೂ ಇರಲಿಲ್ಲ.

1946ರ ನವೆಂಬರಿನಲ್ಲಿ ಕೈಲಾಸಂ ತೀರಿಕೊಂಡರು. ಅದಕ್ಕೂ ನವೆಂಬರೇ.

ಸಮಿತಿ ಒಪ್ಪಿದ್ದು ಇಷ್ಟು: ನಾಟಕ ಆಡಿಸುತ್ತೇವೆ. ಫೋಟೋಗೆ ಹಾರ ಇಲ್ಲ. ಪರದೆ ಏಳುವ ಮೊದಲು ಅವರ ಬದುಕನ್ನು, ಕುಡಿತವನ್ನೂ ಸೇರಿಸಿ, ಮಕ್ಕಳಿಗೆ ಐದು ನಿಮಿಷ ಹೇಳಬೇಕು. ಆ ಐದು ನಿಮಿಷ ಮಾತಾಡಲು ಆಕ್ಷೇಪ ಎತ್ತಿದ ಹಿರಿಯರನ್ನೇ ಕೇಳಿದ್ದೇವೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ.

ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಕಾರ್ಯಕ್ರಮವನ್ನು ಮಧ್ಯಾಹ್ನವೇ ಇಟ್ಟಿದ್ದೇವೆ. ಸತ್ಯಮಂಗಲದ ಕಡೆಯ ಸದಸ್ಯರು ಊಟಕ್ಕೆ ಮೊದಲೇ ಬಂದುಬಿಡಿ. ಚಾಮರಾಜನಗರದಿಂದ ಬರುವವರು ಎಷ್ಟು ಜನವೆಂದು ಮೂರು ದಿನ ಮುಂಚೆ ತಿಳಿಸಿದರೆ ಅಡಿಗೆಯವರಿಗೆ ಅನುಕೂಲ.

ಕಾರ್ಯದರ್ಶಿ