ಟೆಡ್ಡಿ ಬೇರ್ ಕಥೆಯಲ್ಲಿ ಮರೆತುಹೋದ ಹೋಲ್ಟ್ ಕೋಲಿಯರ್

ಟೆಡ್ಡಿ ಬೇರ್ ಹುಟ್ಟಿದ ಕಥೆ ಎಲ್ಲರಿಗೂ ಗೊತ್ತು. 1902ರ ನವೆಂಬರ್, ಮಿಸಿಸಿಪಿಯ ಕಾಡು. ಮರಕ್ಕೆ ಕಟ್ಟಿಹಾಕಿದ್ದ ಕಪ್ಪು ಕರಡಿಗೆ ಗುಂಡು ಹೊಡೆಯಲು ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಪ್ಪಲಿಲ್ಲ. ಪತ್ರಿಕೆಯಲ್ಲಿ ವ್ಯಂಗ್ಯಚಿತ್ರ ಬಂತು, ಆಮೇಲೆ ಗೊಂಬೆ ಬಂತು. ಆದ್ರೆ ಕರಡಿಯನ್ನು ಕಟ್ಟಿದ್ದು ಯಾರು? ಮೂವತ್ತು ದಾಟುವವರೆಗೂ ನನಗೆ ಈ ಪ್ರಶ್ನೆಯೇ ಬಂದಿರಲಿಲ್ಲ.

ಕಟ್ಟಿದವರು ಹೋಲ್ಟ್ ಕೋಲಿಯರ್. 1846ರ ಸುಮಾರಿಗೆ ಗುಲಾಮರಾಗಿ ಹುಟ್ಟಿದವರು. ಹತ್ತನೇ ವಯಸ್ಸಿಗೇ ಮೊದಲ ಕರಡಿ ಹೊಡೆದರಂತೆ. ಅಂತರ್ಯುದ್ಧದಲ್ಲಿ ಹೋರಾಡಿದ್ದು ಗುಲಾಮಗಿರಿ ಉಳಿಯಬೇಕು ಅಂದ ದಕ್ಷಿಣದವರ ಪರ! ನಮ್ಮ ಟೈಮ್‌ಲೈನ್ ರಾಜಕೀಯದ ಯಾವ ಖಾನೆಗೂ ಈ ಮನುಷ್ಯ ಹೊಂದಲ್ಲ. ಯುದ್ಧ ಮುಗಿದ ಮೇಲೆ ಬೇಟೆಯೇ ಬದುಕು. ಮೂರು ಸಾವಿರಕ್ಕೂ ಹೆಚ್ಚು ಕರಡಿ ಕೊಂದರು ಅಂತ ಪ್ರತೀತಿ.

ಆ ದಿನ ಅವರಿಗಿದ್ದ ಕೆಲಸ, ಅಧ್ಯಕ್ಷರ ಗುಂಡಿಗೆ ಒಂದು ಕರಡಿ ಒದಗಿಸುವುದು. ಗಂಟೆಗಟ್ಟಲೆ ಅಟ್ಟಿಸಿಕೊಂಡು ಬಂದಾಗ ರೂಸ್‌ವೆಲ್ಟ್ ಊಟಕ್ಕೆ ಹೋಗಿದ್ದರು. ಕರಡಿ ನಾಯಿಯೊಂದನ್ನು ಕೊಂದಿತು. ಕೋಲಿಯರ್ ಗುಂಡು ಹಾರಿಸುವ ಹಾಗಿಲ್ಲ. ಬಂದೂಕಿನಿಂದಲೇ ತಲೆಗೆ ಬಾರಿಸಿ, ಕುತ್ತಿಗೆಗೆ ಹಗ್ಗ ಹಾಕಿ ಮರಕ್ಕೆ ಬಿಗಿದರು. ರೂಸ್‌ವೆಲ್ಟ್ ಬಂದು ನೋಡಿ ಬೇಡ ಅಂದರು ನಿಜ, ಆದರೆ ಕರಡಿ ಬದುಕಲಿಲ್ಲ. ಅವರ ಅಪ್ಪಣೆಯಂತೆ ಚಾಕುವಿನಿಂದ ಕೊಂದರು. ಗೊಂಬೆ ಮಾರುವವರು ಈ ಭಾಗ ಹೇಳೋದಿಲ್ಲ. 1907ರಲ್ಲಿ ಲೂಸಿಯಾನಾದ ಬೇಟೆಗೂ ಅಧ್ಯಕ್ಷರು ಕೋಲಿಯರ್ ಅವರನ್ನು ಕರೆಸಿಕೊಂಡರು, ಆ ಸಲ ಅಧ್ಯಕ್ಷರಿಗೆ ಕರಡಿ ಸಿಕ್ಕಿತು.

ಹಾಗಾದ್ರೆ ಕರಡಿ ಸಂತತಿ ಕುಸಿದದ್ದು ಕೋಲಿಯರ್ ಬಂದೂಕಿನಿಂದಲಾ? ಬೇಟೆಯ ಪಾಲು ಇದೆ, ಸಣ್ಣದೇನಲ್ಲ. ಆದರೆ ಲೂಸಿಯಾನಾ ಕಪ್ಪು ಕರಡಿಯ ಮನೆ ಅಂದರೆ ನೆರೆ ಬಂದು ಹೋಗುವ ನದಿಬಯಲಿನ ಕಾಡು. ಅಲ್ಲಿನ ಹಳೇ ಸೈಪ್ರೆಸ್ ಮರಗಳ ಪೊಟರೆಯಲ್ಲಿ ಹೆಣ್ಣು ಕರಡಿ ಚಳಿಗಾಲ ಕಳೆದು ಮರಿ ಹಾಕುತ್ತದೆ. ನದಿಗೆ ಏರಿ ಕಟ್ಟಿ, ಮರ ಕಡಿದು, ಹತ್ತಿ ಬಿತ್ತಿದರು, ಆಮೇಲೆ ಸೋಯಾ. ನೆರೆಯನ್ನು ತಡೆಯುವ ಏರಿ ಒಳ್ಳೆಯದು ಅಂತಲೇ ನಾನು ಎಂಜಿನಿಯರಿಂಗ್‌ನಲ್ಲಿ ಓದಿದ್ದು. ಆ ಲೆಕ್ಕದಲ್ಲಿ ಕರಡಿ ಇರಲಿಲ್ಲ. 1980ರ ಹೊತ್ತಿಗೆ ಈ ಕರಡಿಯ ನೆಲೆಯಲ್ಲಿ ಶೇ. 80ಕ್ಕಿಂತ ಹೆಚ್ಚು ಹೋಗಿತ್ತು. ಬೇಟೆ ನಿಲ್ಲಿಸಿದರೆ ಕರಡಿ ಮತ್ತೆ ಹೆಚ್ಚಬಹುದು, ಕಾಡೇ ಇಲ್ಲದಿದ್ದರೆ ಹೆಚ್ಚೋದು ಎಲ್ಲಿ?

1992ರಲ್ಲಿ ಈ ಕರಡಿ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿ ಸೇರಿತು. ಹೊಲಗಳಲ್ಲಿ ಮತ್ತೆ ಮರ ನೆಟ್ಟು ಕಾಡು ಬೆಳೆಸಿದ ಮೇಲೆ, 2016ರಲ್ಲಿ ಪಟ್ಟಿಯಿಂದ ಹೊರಬಂತು.

ಕೋಲಿಯರ್ 1936ರಲ್ಲಿ ತೀರಿಕೊಂಡರು. 2004ರಲ್ಲಿ ಮಿಸಿಸಿಪಿಯ ಒಂದು ವನ್ಯಜೀವಿ ಧಾಮಕ್ಕೆ ಅವರ ಹೆಸರಿಟ್ಟರು. ಸುತ್ತಲಿನ ಧಾಮಗಳ ಜೊತೆ ಅದೂ ಒಂದು ದೊಡ್ಡ ಸಮೂಹದ ಭಾಗ. ಆ ಸಮೂಹದ ಹೆಸರು ಥಿಯೋಡರ್ ರೂಸ್‌ವೆಲ್ಟ್.